ಆಕ್ಸಿಜನ್ ಸೆನ್ಸರ್ ವೋಲ್ಟೇಜ್ ಕಡಿಮೆ ಎಂಬ ಕೋಡ್ ಬಂದರೆ ಏನೇನು ನೋಡಬೇಕು?

ಚೆಕ್ ಇಂಜಿನ್ ದೀಪ ಹತ್ತಿಕೊಂಡಿದೆ. ಸ್ಕ್ಯಾನರ್ ಹಾಕಿದರೆ ಪಿ0131 ಎಂಬ ಕೋಡ್. ಪಕ್ಕದಲ್ಲಿ ವಿವರಣೆ: ಆಕ್ಸಿಜನ್ ಸೆನ್ಸರ್ ಸರ್ಕ್ಯೂಟ್, ವೋಲ್ಟೇಜ್ ಕಡಿಮೆ, ಬ್ಯಾಂಕ್ 1, ಸೆನ್ಸರ್ 1. ಸೆನ್ಸರ್ ಹೆಸರೇ ಬಂದಿರುವಾಗ ಇನ್ನೇನು ಯೋಚನೆ ಎಂದು ನೇರವಾಗಿ ಹೊಸ ಸೆನ್ಸರ್ ಹಾಕಿಸುವವರೇ ಹೆಚ್ಚು. ಕೋಡ್ ಅಳಿಸಿದ ಮೇಲೆ ಕೆಲವು ದಿನ ದೀಪ ಆರಿರುತ್ತದೆ, ಆಮೇಲೆ ಮತ್ತೆ ಅದೇ ಕೋಡ್. ಹಳೆಯ ಸೆನ್ಸರ್ ಸರಿಯಾಗಿಯೇ ಇತ್ತು ಎಂದು ಗೊತ್ತಾಗುವಷ್ಟರಲ್ಲಿ ಅದು ಕಸದ ಬುಟ್ಟಿ ಸೇರಿರುತ್ತದೆ.

ಆ ಕೋಡ್ ಯಾವ ಭಾಗ ಕೆಟ್ಟಿದೆ ಎಂದು ಹೇಳುವುದೇ ಇಲ್ಲ. ‘ಈ ತಂತಿಯಲ್ಲಿ ಬರಬೇಕಾದಷ್ಟು ವೋಲ್ಟೇಜ್ ತುಂಬಾ ಹೊತ್ತಿನಿಂದ ಬರುತ್ತಿಲ್ಲ’ ಎಂದಷ್ಟೇ ಇಸಿಯು, ಅಂದರೆ ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್, ಹೇಳುತ್ತಿದೆ. ಯಾಕೆ ಬರುತ್ತಿಲ್ಲ ಎಂಬುದಕ್ಕೆ ಎರಡು ಬೇರೆ ಬೇರೆ ಉತ್ತರಗಳಿವೆ. ಒಂದು, ಎಕ್ಸಾಸ್ಟ್ ಹೊಗೆಯಲ್ಲಿ ನಿಜವಾಗಿಯೂ ಆಮ್ಲಜನಕ ಜಾಸ್ತಿ ಇದೆ, ಸೆನ್ಸರ್ ಅದನ್ನು ಸರಿಯಾಗಿಯೇ ವರದಿ ಮಾಡುತ್ತಿದೆ. ಇನ್ನೊಂದು, ಆಮ್ಲಜನಕ ಸರಿಯಾಗಿದೆ, ಸೆನ್ಸರ್ ಅಥವಾ ವೈರಿಂಗ್ ಸುಳ್ಳು ಹೇಳುತ್ತಿದೆ. ಪರೀಕ್ಷೆ ಎಂದರೆ ಈ ಎರಡರಲ್ಲಿ ಯಾವುದು ಎಂದು ಬೇರ್ಪಡಿಸುವುದು. ಉಳಿದದ್ದೆಲ್ಲ ಅದರ ನಂತರ.

ಆ ಚಿಕ್ಕ ವೋಲ್ಟೇಜ್ ಎಲ್ಲಿಂದ ಬರುತ್ತದೆ?

ಸಾಮಾನ್ಯ ಆಕ್ಸಿಜನ್ ಸೆನ್ಸರಿನ ಒಳಗೆ ಬೆರಳಿನ ತುದಿಯ ಆಕಾರದ ಒಂದು ಸೆರಾಮಿಕ್ ಕವಚ ಇರುತ್ತದೆ. ಜಿರ್ಕೋನಿಯಂ ಡೈಆಕ್ಸೈಡ್‌ನಿಂದ ಮಾಡಿದ್ದು. ಅದರ ಒಳಮೈಗೂ ಹೊರಮೈಗೂ ಪ್ಲಾಟಿನಂನ ತೆಳು ಲೇಪ. ಹೊರಮೈ ಎಕ್ಸಾಸ್ಟ್ ಹೊಗೆಯಲ್ಲಿ ಮುಳುಗಿರುತ್ತದೆ, ಒಳಮೈಗೆ ಹೊರಗಿನ ಶುದ್ಧ ಗಾಳಿ ತಾಗುತ್ತದೆ. ಸುಮಾರು 300 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಈ ಸೆರಾಮಿಕ್ ಆಮ್ಲಜನಕದ ಅಯಾನುಗಳನ್ನು ತನ್ನ ಮೂಲಕ ಹಾದುಹೋಗಲು ಬಿಡುತ್ತದೆ. ಕೆರೆ ಏರಿಯ ಎರಡು ಬದಿಯಲ್ಲಿ ನೀರಿನ ಮಟ್ಟ ಬೇರೆ ಬೇರೆ ಇದ್ದರೆ ಏರಿಯ ಮೇಲೆ ಒತ್ತಡ ಬೀಳುವಂತೆ, ಎರಡು ಬದಿಯ ಆಮ್ಲಜನಕದ ಪ್ರಮಾಣದಲ್ಲಿ ವ್ಯತ್ಯಾಸ ಇದ್ದಷ್ಟೂ ಎರಡು ಪ್ಲಾಟಿನಂ ಪದರಗಳ ನಡುವೆ ವೋಲ್ಟೇಜ್ ಹುಟ್ಟುತ್ತದೆ. ಎರಡೂ ಕಡೆ ಆಮ್ಲಜನಕ ಸಮವಾಗಿದ್ದರೆ ವೋಲ್ಟೇಜ್ ಸೊನ್ನೆ.

ಈ ಲೆಕ್ಕಕ್ಕೆ ಆಧಾರ ಜರ್ಮನ್ ವಿಜ್ಞಾನಿ ವಾಲ್ಟರ್ ನೆರ್ನ್‌ಸ್ಟ್ 1889ರಲ್ಲಿ ಕೊಟ್ಟ ಸಮೀಕರಣ. ಆತ ಜಿರ್ಕೋನಿಯಾ, ಅಂದರೆ ಇದೇ ಜಿರ್ಕೋನಿಯಂ ಡೈಆಕ್ಸೈಡ್, ಬಳಸಿ ವಿದ್ಯುತ್ ದೀಪವನ್ನೂ ಮಾಡಿದ್ದ. ಅದೇ ವಸ್ತು, ಅದೇ ಸಮೀಕರಣ ಒಟ್ಟಾಗಿ ಕಾರಿನ ಎಕ್ಸಾಸ್ಟ್ ಪೈಪಿಗೆ ಬಂದದ್ದು 1976ರಲ್ಲಿ, ಬಾಷ್ ಕಂಪನಿಯ ಲ್ಯಾಂಬ್ಡಾ ಸೆನ್ಸರ್ ಮೂಲಕ. ಸಮೀಕರಣಕ್ಕೆ ಅಂಕಿ ಹಾಕಿ ನೋಡಿದರೆ ಒಂದು ವಿಷಯ ಚೆನ್ನಾಗಿ ಅರ್ಥವಾಗುತ್ತದೆ. ಸೆನ್ಸರ್ 600 ಡಿಗ್ರಿ ಬಿಸಿ ಇದೆ, ಹೊಗೆಯಲ್ಲಿ ಶೇ 1ರಷ್ಟು ಆಮ್ಲಜನಕ ಉಳಿದಿದೆ ಎಂದುಕೊಳ್ಳೋಣ. ಆಗ ಹುಟ್ಟುವ ವೋಲ್ಟೇಜ್ ಸುಮಾರು 0.06 ಮಾತ್ರ. ಪೆಟ್ರೋಲ್ ಸ್ವಲ್ಪ ಹೆಚ್ಚಾಗಿ ಉಳಿದ ಆಮ್ಲಜನಕವೂ ಸೆನ್ಸರಿನ ಪ್ಲಾಟಿನಂ ಮೇಲೆ ಉರಿದುಹೋದರೆ, ಅಲ್ಲಿ ಉಳಿಯುವ ಆಮ್ಲಜನಕ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ವೋಲ್ಟೇಜ್ ಒಮ್ಮೆಲೇ 0.8, 0.9ಕ್ಕೆ ಏರುತ್ತದೆ. ನಡುವೆ ನಿಲ್ಲುವ ಜಾಗ ತೀರಾ ಕಿರಿದು. ಒಂದು ಕೆ.ಜಿ. ಪೆಟ್ರೋಲಿಗೆ 14.7 ಕೆ.ಜಿ. ಗಾಳಿ ಎಂಬ ಸರಿಯಾದ ಮಿಶ್ರಣದ ಹತ್ತಿರ ಮಾತ್ರ 0.45 ವೋಲ್ಟ್ ಆಸುಪಾಸು ಬರುತ್ತದೆ.

ಅಂದರೆ ಈ ಸೆನ್ಸರ್ ಅಳತೆಯ ಸಾಧನಕ್ಕಿಂತ ಹೆಚ್ಚಾಗಿ ಒಂದು ಸ್ವಿಚ್. ‘ಎಷ್ಟು’ ಎಂದು ಹೇಳುವುದಿಲ್ಲ, ‘ಈ ಕಡೆಯೋ ಆ ಕಡೆಯೋ’ ಎಂದು ಹೇಳುತ್ತದೆ. 0.45ಕ್ಕಿಂತ ಕೆಳಗಿದ್ದರೆ ಲೀನ್, ಅಂದರೆ ಗಾಳಿ ಜಾಸ್ತಿ. ಮೇಲಿದ್ದರೆ ರಿಚ್, ಅಂದರೆ ಪೆಟ್ರೋಲ್ ಜಾಸ್ತಿ. ಇಸಿಯು ಪೆಟ್ರೋಲನ್ನು ತುಸು ಹೆಚ್ಚಿಸಿ, ತುಸು ಇಳಿಸಿ ಈ ಸ್ವಿಚ್ಚನ್ನು ಆಚೆಈಚೆ ಆಡಿಸುತ್ತಲೇ ಇರುತ್ತದೆ. ಆರೋಗ್ಯವಾಗಿರುವ ಮುಂದಿನ ಸೆನ್ಸರಿನ, ಅಂದರೆ ಸೆನ್ಸರ್ 1ರ, ವೋಲ್ಟೇಜ್ 0.1ರಿಂದ 0.9ರ ನಡುವೆ ಸದಾ ಓಲಾಡುತ್ತಿರುವುದು ಅದಕ್ಕೇ. ಓಲಾಟ ನಿಂತು ಕೆಳಗೇ ಕೂತುಬಿಟ್ಟರೆ, ಅದೂ ಸ್ವಲ್ಪ ಹೊತ್ತು ಹಾಗೆಯೇ ಮುಂದುವರಿದರೆ, ಕೋಡ್ ದಾಖಲಾಗುತ್ತದೆ. ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟಾಗ ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರುಗಳು ಬಂದ್ ಆಗಿ ಬರೀ ಗಾಳಿ ಹೊರಬರುತ್ತದೆ. ಆಗ ಸೊನ್ನೆಗೆ ಇಳಿಯುವುದು ಸಹಜ, ಇಸಿಯು ಅದನ್ನು ದೋಷವೆಂದು ಎಣಿಸುವುದಿಲ್ಲ.

ಇಲ್ಲಿ ಒಂದು ಸಂಗತಿ ತಲೆಯಲ್ಲಿ ಉಳಿಯಬೇಕು: ಈ ಸೆನ್ಸರಿಗೆ ಪೆಟ್ರೋಲ್ ಕಾಣುವುದಿಲ್ಲ, ಆಮ್ಲಜನಕ ಮಾತ್ರ ಕಾಣುತ್ತದೆ. ಒಂದು ಸಿಲಿಂಡರಿನಲ್ಲಿ ಕಿಡಿ ಹಾರದೆ ಮಿಸ್‌ಫೈರ್ ಆದರೆ, ಉರಿಯದ ಪೆಟ್ರೋಲೂ ಉರಿಯದ ಗಾಳಿಯೂ ಒಟ್ಟಿಗೇ ಹೊರಬರುತ್ತವೆ. ಆ ಗಾಳಿಯಲ್ಲಿರುವ ಆಮ್ಲಜನಕ ನೋಡಿ ಸೆನ್ಸರ್ ‘ಲೀನ್’ ಎನ್ನುತ್ತದೆ. ಪೈಪಿನ ತುದಿಯಲ್ಲಿ ಹಸಿ ಪೆಟ್ರೋಲ್ ವಾಸನೆ ಹೊಡೆಯುತ್ತಿದ್ದರೂ ಅದರ ಮಾತು ಬದಲಾಗುವುದಿಲ್ಲ. ಆದ್ದರಿಂದ ಪಿ0131 ಜೊತೆಗೆ ಪಿ0300ರಿಂದ ಪಿ0304ರವರೆಗಿನ ಮಿಸ್‌ಫೈರ್ ಕೋಡುಗಳಲ್ಲಿ ಯಾವುದಾದರೂ ಇದ್ದರೆ ಮೊದಲು ಪ್ಲಗ್, ಇಗ್ನಿಷನ್ ಕಾಯಿಲ್ ಕಡೆ ಹೋಗಬೇಕು. ಆಕ್ಸಿಜನ್ ಸೆನ್ಸರ್ ವಿಚಾರ ಆಮೇಲೆ.

ಯಾವ ಸೆನ್ಸರ್, ಯಾವ ಬಗೆಯದು?

ಬ್ಯಾಂಕ್ 1 ಎಂದರೆ ಒಂದನೇ ನಂಬರಿನ ಸಿಲಿಂಡರ್ ಇರುವ ಬದಿ. ನಾಲ್ಕು ಸಿಲಿಂಡರ್ ಸಾಲಾಗಿರುವ ಇಂಜಿನ್ನಿನಲ್ಲಿ ಸಾಮಾನ್ಯವಾಗಿ ಇರುವುದು ಆ ಒಂದೇ ಬ್ಯಾಂಕ್. ವಿ ಆಕಾರದ ಇಂಜಿನ್ನಿನಲ್ಲಿ ಎರಡು. ಸೆನ್ಸರ್ 1 ಇರುವುದು ಹೊಗೆಯನ್ನು ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗಿಂತ ಮುಂಚೆ, ಸೆನ್ಸರ್ 2 ಅದರ ನಂತರ. ಪಿ0131 ಮತ್ತು ಪಿ0151 ಎರಡು ಬ್ಯಾಂಕುಗಳ ಮುಂದಿನ ಸೆನ್ಸರಿಗೆ, ಪಿ0137 ಮತ್ತು ಪಿ0157 ಹಿಂದಿನ ಸೆನ್ಸರಿಗೆ. ವಿ ಇಂಜಿನ್ನಿನಲ್ಲಿ ಒಂದೇ ಬ್ಯಾಂಕಿಗೆ ಕೋಡ್ ಬಂದಿದ್ದರೆ ದೋಷ ಆ ಬದಿಯಲ್ಲಿಯೇ ಇರುವ ಸಂಭವ ಹೆಚ್ಚು. ಎರಡೂ ಬ್ಯಾಂಕಿಗೆ ಒಟ್ಟಿಗೇ ಬಂದಿದ್ದರೆ ಎರಡು ಸೆನ್ಸರುಗಳು ಒಂದೇ ವಾರದಲ್ಲಿ ಸತ್ತವು ಎಂದು ನಂಬುವುದಕ್ಕಿಂತ, ಎರಡಕ್ಕೂ ಸೇರಿದ ಕಾರಣ ಹುಡುಕುವುದು ಜಾಣತನ. ಇಂಧನದ ಒತ್ತಡ, ಗಾಳಿ ಅಳೆಯುವ ಸೆನ್ಸರ್, ಇಲ್ಲವೇ ಎರಡಕ್ಕೂ ಒಂದೇ ಇರುವ ಫ್ಯೂಸ್.

ಮುಂದಿನ ಸೆನ್ಸರ್ ಯಾವ ಬಗೆಯದು ಎಂದು ಮೊದಲೇ ತಿಳಿದುಕೊಳ್ಳಿ. ಇತ್ತೀಚಿನ ಅನೇಕ ಕಾರುಗಳಲ್ಲಿ ಮುಂದೆ ಇರುವುದು ವೈಡ್‌ಬ್ಯಾಂಡ್ ಸೆನ್ಸರ್. ಅದು ಸ್ವಿಚ್ಚಿನಂತೆ ಓಲಾಡುವುದಿಲ್ಲ, ಕರೆಂಟಿನ ಲೆಕ್ಕದಲ್ಲಿ ಮಿಶ್ರಣ ಎಷ್ಟು ಎಂದು ನಿಖರವಾಗಿ ಹೇಳುತ್ತದೆ. ಸ್ಕ್ಯಾನರಿನಲ್ಲಿ ಲ್ಯಾಂಬ್ಡಾ ಅಥವಾ ಮಿಲಿಆಂಪಿಯರ್ ಎಂದು ಕಾಣಿಸಿದರೆ, ಕನೆಕ್ಟರಿನಲ್ಲಿ ಐದಾರು ತಂತಿಗಳಿದ್ದರೆ ಅದು ವೈಡ್‌ಬ್ಯಾಂಡ್. ನಾಲ್ಕೇ ತಂತಿಯ ವೈಡ್‌ಬ್ಯಾಂಡ್ ಕೂಡ ಇವೆ, ಹಾಗಾಗಿ ತಂತಿ ಎಣಿಸಿ ಸುಮ್ಮನಾಗಬೇಡಿ. ಕೆಲವು ಕಾರುಗಳ ಇಂಥ ಸೆನ್ಸರಿನಲ್ಲಿ ಸ್ಕ್ಯಾನರ್ ತೋರಿಸುವ ವೋಲ್ಟೇಜ್ ಏರಿದರೆ ಲೀನ್, ಇಳಿದರೆ ರಿಚ್. ಪೂರ್ತಿ ತಿರುಗುಮುರುಗು. ಈ ಲೇಖನದ ಅಂಕಿಗಳನ್ನು ಅದಕ್ಕೆ ಅನ್ವಯಿಸಿದರೆ ದಾರಿ ತಪ್ಪುವುದು ಖಂಡಿತ. ಇಲ್ಲಿ ಹೇಳುತ್ತಿರುವುದೆಲ್ಲ 0.1ರಿಂದ 0.9 ವೋಲ್ಟ್ ಕೊಡುವ ಸಾಮಾನ್ಯ ಜಿರ್ಕೋನಿಯಾ ಸೆನ್ಸರಿನ ಬಗ್ಗೆ.

ಕೋಡ್ ಅಳಿಸುವ ಮುಂಚೆ

ಸ್ಕ್ಯಾನರ್ ಕೈಗೆ ಸಿಕ್ಕಿದ ಕೂಡಲೇ ಕೋಡ್ ಅಳಿಸುವ ಚಪಲ ಬಹಳ ಜನಕ್ಕಿದೆ. ಅಳಿಸಿದರೆ ಅದರ ಜೊತೆಗೆ ಫ್ರೀಜ್ ಫ್ರೇಮ್ ಕೂಡ ಹೋಗುತ್ತದೆ. ಕೋಡ್ ದಾಖಲಾದ ಕ್ಷಣದಲ್ಲಿ ಇಂಜಿನ್ ಎಷ್ಟು ಆರ್‌ಪಿಎಂನಲ್ಲಿ ತಿರುಗುತ್ತಿತ್ತು, ಎಷ್ಟು ಲೋಡ್ ಇತ್ತು, ಕೂಲೆಂಟ್ ಎಷ್ಟು ಬಿಸಿ ಇತ್ತು, ಗಾಡಿ ಯಾವ ವೇಗದಲ್ಲಿತ್ತು, ಫ್ಯುಯೆಲ್ ಟ್ರಿಮ್ ಎಷ್ಟಿತ್ತು ಎಂಬುದೆಲ್ಲ ಅಲ್ಲಿ ಬರೆದಿರುತ್ತದೆ. ಐಡ್ಲಿಂಗ್‌ನಲ್ಲಿ ನಿಂತಿದ್ದಾಗ ಬಂದ ದೋಷವೋ, ಏರು ಹತ್ತುವಾಗ ಬಂದದ್ದೋ ಎಂಬ ಒಂದೇ ಮಾಹಿತಿ ಅರ್ಧ ಕೆಲಸ ಉಳಿಸುತ್ತದೆ. ಬರೆದಿಟ್ಟುಕೊಳ್ಳಿ, ಫೋಟೊ ತೆಗೆದಿಟ್ಟುಕೊಳ್ಳಿ, ಆಮೇಲೆ ಅಳಿಸಿ.

ಫ್ಯುಯೆಲ್ ಟ್ರಿಮ್ ಎಂದರೆ ಲೆಕ್ಕದ ಪ್ರಕಾರ ಹಾಕಬೇಕಾದ ಪೆಟ್ರೋಲಿಗಿಂತ ಇಸಿಯು ಶೇಕಡ ಎಷ್ಟು ಹೆಚ್ಚು ಅಥವಾ ಕಡಿಮೆ ಹಾಕುತ್ತಿದೆ ಎಂಬ ಅಂಕಿ. ಶಾರ್ಟ್ ಟರ್ಮ್ ಎಂಬುದು ಈ ಕ್ಷಣದ ತಿದ್ದುಪಡಿ, ಲಾಂಗ್ ಟರ್ಮ್ ಎಂಬುದು ಅನುಭವದಿಂದ ಕಲಿತು ನೆನಪಿಟ್ಟುಕೊಂಡದ್ದು. ಎರಡನ್ನೂ ಕೂಡಿಸಿ ನೋಡಬೇಕು. ಸೊನ್ನೆಯ ಆಚೆಈಚೆ 5 ಇದ್ದರೆ ಒಳ್ಳೆಯದು, 10ರವರೆಗೆ ಚಿಂತೆ ಬೇಡ. ಅದಕ್ಕಿಂತ ಮೇಲೆ ಹೋಗಿ 20, 25 ಎಂದು ಕಾಣಿಸಿದರೆ ಇಸಿಯು ಲೀನ್ ಸರಿಪಡಿಸಲು ತನ್ನ ಕೈಲಾದಷ್ಟು ಪೆಟ್ರೋಲ್ ಸುರಿಯುತ್ತಿದೆ ಎಂದರ್ಥ. ಒಂದು ಎಚ್ಚರಿಕೆ: ಕೋಡ್ ದಾಖಲಾದ ಮೇಲೆ ಎಷ್ಟೋ ಇಸಿಯುಗಳು ಸೆನ್ಸರನ್ನು ನಂಬುವುದನ್ನೇ ಬಿಟ್ಟು ಓಪನ್ ಲೂಪಿಗೆ ಹೋಗುತ್ತವೆ. ಆಗ ಶಾರ್ಟ್ ಟರ್ಮ್ ಟ್ರಿಮ್ ಸೊನ್ನೆಯಲ್ಲಿ ನಿಂತಿರುತ್ತದೆ. ‘ಟ್ರಿಮ್ ಸೊನ್ನೆ, ಎಲ್ಲ ಸರಿ ಇದೆ’ ಎಂದುಕೊಂಡರೆ ಮೋಸ ಹೋದಂತೆ. ಫ್ರೀಜ್ ಫ್ರೇಮ್ ಬೆಲೆ ಗೊತ್ತಾಗುವುದು ಇಂಥ ಹೊತ್ತಿನಲ್ಲಿ.

ನಿಜವೋ ಸುಳ್ಳೋ: ತೀರ್ಮಾನಿಸುವ ಪರೀಕ್ಷೆ

ಎಲ್ಲ ಪರೀಕ್ಷೆಗಳಲ್ಲಿ ಒಂದನ್ನು ಮಾತ್ರ ಮಾಡಲು ಸಮಯವಿದೆ ಎಂದರೆ ನಾನು ಆರಿಸುವುದು ಇದನ್ನು. ಇಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಬೇಕೆಂದೇ ಮಿಶ್ರಣವನ್ನು ರಿಚ್ ಮಾಡಿ, ಸೆನ್ಸರ್ ಏನು ಹೇಳುತ್ತದೆ ನೋಡುವುದು. ಸ್ಕ್ಯಾನರಿನಲ್ಲಿ ಇಂಜೆಕ್ಟರಿಗೆ ನೇರವಾಗಿ ಆದೇಶ ಕೊಡುವ ಆಕ್ಟಿವ್ ಟೆಸ್ಟ್ ಇದ್ದರೆ ಪೆಟ್ರೋಲನ್ನು ಶೇ 20ರಷ್ಟು ಹೆಚ್ಚಿಸಬಹುದು. ಇಲ್ಲದಿದ್ದರೆ ಆಕ್ಸಿಲರೇಟರನ್ನು ಗಕ್ಕನೆ ತುಳಿದು ಬಿಡುವುದೇ ಸರಳ ದಾರಿ. ತುಳಿದ ಕ್ಷಣ ಇಸಿಯು ಹೆಚ್ಚು ಪೆಟ್ರೋಲ್ ಹಾಕುತ್ತದೆ. ಏರ್ ಫಿಲ್ಟರ್ ಬಾಯಿಗೆ ಪ್ರೋಪೇನ್ ಅನಿಲವನ್ನು ಸ್ವಲ್ಪ ಸ್ವಲ್ಪವೇ ಬಿಡುವುದು ಪಳಗಿದ ಮೆಕ್ಯಾನಿಕ್‌ಗಳ ವಿಧಾನ. ಅದನ್ನು ಬಯಲಿನಲ್ಲಿ, ಬೆಂಕಿ ಆರಿಸುವ ಸಾಧನ ಪಕ್ಕದಲ್ಲಿಟ್ಟುಕೊಂಡು ಮಾತ್ರ ಮಾಡಬೇಕು. ಮುಚ್ಚಿದ ಶೆಡ್ಡಿನೊಳಗೆ ಇಂಜಿನ್ ಓಡಿಸಿ ಪರೀಕ್ಷೆ ಮಾಡುವುದು ಎಂದಿಗೂ ಬೇಡ, ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಮಿಶ್ರಣ ರಿಚ್ ಆದಾಗ ವೋಲ್ಟೇಜ್ ತಟ್ಟನೆ 0.8ರ ಮೇಲೆ ಏರಿದರೆ ಸೆನ್ಸರ್ ಬದುಕಿದೆ, ತಂತಿ ಸರಿಯಿದೆ, ಇಸಿಯುಗೆ ಸುದ್ದಿ ತಲುಪುತ್ತಿದೆ. ಅದು ‘ಲೀನ್’ ಎಂದಿದ್ದು ನಿಜವಿರಬಹುದು. ಹೊಸ ಸೆನ್ಸರ್ ತರುವ ಯೋಚನೆ ಬಿಟ್ಟು ಗಾಳಿ ಎಲ್ಲಿಂದ ಬರುತ್ತಿದೆ ಎಂದು ಹುಡುಕಿ. ಎಷ್ಟು ಪೆಟ್ರೋಲ್ ಸುರಿದರೂ, ಇಂಜಿನ್ ಕಪ್ಪು ಹೊಗೆ ಬಿಟ್ಟು ತಡವರಿಸಿದರೂ ವೋಲ್ಟೇಜ್ 0.1 ಬಿಟ್ಟು ಮೇಲೇಳದಿದ್ದರೆ ಸುಳ್ಳು ಸೆನ್ಸರಿನಲ್ಲಿದೆ, ಇಲ್ಲವೇ ಅದರ ತಂತಿಯಲ್ಲಿದೆ, ಇಲ್ಲವೇ ಅದರ ಹತ್ತಿರದ ಎಕ್ಸಾಸ್ಟ್ ಜೋಡಣೆಯಲ್ಲಿದೆ.

ಇಂಜಿನ್ನಿನ ನಡವಳಿಕೆಯೂ ಇದನ್ನೇ ಬೇರೆ ರೀತಿಯಲ್ಲಿ ಹೇಳುತ್ತದೆ. ನಿಜವಾದ ಲೀನ್ ಆಗಿದ್ದರೆ ಐಡ್ಲಿಂಗ್ ಕುಂಟುತ್ತದೆ, ಪಿಕಪ್ ಇರುವುದಿಲ್ಲ, ಪ್ಲಗ್ ಬಿಚ್ಚಿ ನೋಡಿದರೆ ತುದಿ ಬಿಳಿಚಿಕೊಂಡಿರುತ್ತದೆ. ಸೆನ್ಸರ್ ಸುಳ್ಳು ಹೇಳುತ್ತಿದ್ದರೆ ಅದರ ಮಾತು ನಂಬಿ ಇಸಿಯು ಪೆಟ್ರೋಲ್ ಸುರಿದಿರುತ್ತದೆ. ಆಗ ಮೈಲೇಜ್ ಇಳಿದಿರುತ್ತದೆ, ಹೊಗೆಗೆ ಪೆಟ್ರೋಲ್ ವಾಸನೆ, ಪ್ಲಗ್ ಮೇಲೆ ಒಣ ಮಸಿ. ಕೋಡ್ ‘ಲೀನ್’ ಎನ್ನುತ್ತಿದೆ, ಪ್ಲಗ್ ‘ರಿಚ್’ ಎನ್ನುತ್ತಿದೆ ಎಂದಾದರೆ ನಾನು ಪ್ಲಗ್ಗನ್ನೇ ನಂಬುತ್ತೇನೆ.

ಲೀನ್ ನಿಜವಾಗಿದ್ದರೆ

ಟ್ರಿಮ್ ಅಂಕಿಗಳನ್ನು ಎರಡು ಸ್ಥಿತಿಯಲ್ಲಿ ನೋಡಿದರೆ ಹುಡುಕಾಟದ ದಿಕ್ಕು ಸಿಗುತ್ತದೆ. ಐಡ್ಲಿಂಗ್‌ನಲ್ಲಿ ಎರಡೂ ಟ್ರಿಮ್ ಸೇರಿ 25 ಇದೆ, 2500 ಆರ್‌ಪಿಎಂಗೆ ಏರಿಸಿದ ಕೂಡಲೇ 5ಕ್ಕೆ ಇಳಿಯಿತು ಎಂದುಕೊಳ್ಳಿ. ಇದು ವ್ಯಾಕ್ಯೂಂ ಸೋರಿಕೆಯ ಲಕ್ಷಣ. ಬಿರುಕಿನಿಂದ ನುಸುಳುವ ಗಾಳಿಯ ಪ್ರಮಾಣ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಐಡ್ಲಿಂಗ್‌ನಲ್ಲಿ ಇಂಜಿನ್ ಎಳೆಯುವ ಒಟ್ಟು ಗಾಳಿಯೇ ಕಡಿಮೆಯಾದ್ದರಿಂದ ಆ ಕಳ್ಳ ಗಾಳಿಯ ಪಾಲು ದೊಡ್ಡದು, ಆರ್‌ಪಿಎಂ ಏರಿದಾಗ ಅದು ಲೆಕ್ಕಕ್ಕೇ ಬಾರದು. ಇನ್‌ಟೇಕ್ ಮ್ಯಾನಿಫೋಲ್ಡ್ ಗ್ಯಾಸ್ಕೆಟ್, ಬ್ರೇಕ್ ಬೂಸ್ಟರಿಗೆ ಹೋಗುವ ಹೋಸ್, ಕ್ರ್ಯಾಂಕ್‌ಕೇಸಿನ ಆವಿಯನ್ನು ಇಂಜಿನ್ನಿಗೇ ಮರಳಿಸುವ ಪಿಸಿವಿ ಹೋಸ್, ಏರ್ ಫ್ಲೋ ಸೆನ್ಸರಿನಿಂದ ಥ್ರಾಟಲ್‌ವರೆಗಿನ ರಬ್ಬರ್ ಪೈಪಿನ ಮಡಿಕೆಗಳು ಮೊದಲು ನೋಡಬೇಕಾದವು. ರಬ್ಬರ್ ಪೈಪು ಮೇಲಿನಿಂದ ನೋಡಿದರೆ ಸರಿಯಾಗಿಯೇ ಕಾಣುತ್ತದೆ, ಬಗ್ಗಿಸಿದರೆ ಅಡಿಯಲ್ಲಿ ಬಾಯಿ ಬಿಡುತ್ತದೆ. ಹೊಗೆ ತುಂಬಿಸಿ ನೋಡುವ ಸ್ಮೋಕ್ ಟೆಸ್ಟ್‌ಗಿಂತ ಒಳ್ಳೆಯ ವಿಧಾನ ಇದಕ್ಕಿಲ್ಲ.

ಇದರಲ್ಲಿ ಒಂದು ಉಪವಿಷಯ ಇದೆ. ಮೇಲಿನ ಮಾತು ಹೊಂದುವುದು ಒಳಬರುವ ಗಾಳಿಯನ್ನು ಏರ್ ಫ್ಲೋ ಸೆನ್ಸರಿನಿಂದ ಅಳೆಯುವ ಇಂಜಿನ್ನಿಗೆ. ಮ್ಯಾನಿಫೋಲ್ಡ್ ಒತ್ತಡ ನೋಡಿ ಗಾಳಿಯ ಲೆಕ್ಕ ಹಾಕುವ, ಅಂದರೆ ಮ್ಯಾಪ್ ಸೆನ್ಸರ್ ಇರುವ ಇಂಜಿನ್ನಿನಲ್ಲಿ ನುಸುಳಿದ ಗಾಳಿಯೂ ಒತ್ತಡದ ಲೆಕ್ಕಕ್ಕೆ ಸೇರಿಬಿಡುತ್ತದೆ. ಅಲ್ಲಿ ಸೋರಿಕೆ ಲೀನ್ ಆಗಿ ಕಾಣುವುದಕ್ಕಿಂತ ಐಡ್ಲಿಂಗ್ ಆರ್‌ಪಿಎಂ ಏರಿರುವುದಾಗಿ ಕಾಣುವುದೇ ಹೆಚ್ಚು.

ಇದಕ್ಕೆ ತದ್ವಿರುದ್ಧ ಚಿತ್ರ: ಐಡ್ಲಿಂಗ್‌ನಲ್ಲಿ ಟ್ರಿಮ್ ಸರಿಯಾಗಿದೆ, ಏರು ಹತ್ತುವಾಗ, ವೇಗ ಹೆಚ್ಚಿಸುವಾಗ 20 ದಾಟುತ್ತದೆ. ಆಗ ಪೆಟ್ರೋಲ್ ಸಾಕಾಗುತ್ತಿಲ್ಲ ಎಂದು ಅನುಮಾನಿಸಿ. ಪಂಪ್ ಸೋತಿರಬಹುದು, ಫಿಲ್ಟರ್ ಕಟ್ಟಿರಬಹುದು. ಇಂಧನದ ಒತ್ತಡವನ್ನು ಗೇಜ್ ಹಾಕಿ, ಲೋಡ್ ಇರುವಾಗ ಅಳೆಯಬೇಕು. ನಿಂತಲ್ಲೇ ಅಳೆದರೆ ಸೋತ ಪಂಪ್ ಕೂಡ ಸರಿಯಾದ ಅಂಕಿ ತೋರಿಸಬಲ್ಲದು. ಏರ್ ಫ್ಲೋ ಸೆನ್ಸರಿನ ತಂತಿಯ ಮೇಲೆ ಧೂಳು ಕೂತು ಬಂದ ಗಾಳಿಗಿಂತ ಕಡಿಮೆ ಹೇಳುತ್ತಿದ್ದರೂ ಇದೇ ಚಿತ್ರ. ಅದಕ್ಕೆಂದೇ ಇರುವ ಕ್ಲೀನರ್ ಸ್ಪ್ರೇಯಿಂದ ಸ್ವಚ್ಛ ಮಾಡಿ ಮತ್ತೆ ನೋಡಬಹುದು. ಬಟ್ಟೆಯಿಂದ ಒರೆಸಲು ಹೋದರೆ ಆ ಸೂಕ್ಷ್ಮ ತಂತಿ ಉಳಿಯುವುದಿಲ್ಲ.

ಒಂದು ಇಂಜೆಕ್ಟರ್ ಮಾತ್ರ ಕಟ್ಟಿದ್ದರೆ ಒಂದು ಸಿಲಿಂಡರ್ ಲೀನ್ ಆಗುತ್ತದೆ, ಇಸಿಯು ಎಲ್ಲ ಸಿಲಿಂಡರುಗಳಿಗೂ ಪೆಟ್ರೋಲ್ ಹೆಚ್ಚಿಸುತ್ತದೆ. ಅಂಥದ್ದರಲ್ಲಿ ಪ್ಲಗ್ಗುಗಳ ಬಣ್ಣ ಒಂದಕ್ಕೊಂದು ಹೊಂದುವುದಿಲ್ಲ. ನಿಜವಾದ ಲೀನ್ ಇದ್ದಾಗ ಜೊತೆಗೆ ಪಿ0171 ಅಥವಾ ಪಿ0174, ಅಂದರೆ ‘ಮಿಶ್ರಣ ಲೀನ್’ ಎಂಬ ಕೋಡ್ ಕೂಡ ಬಂದಿರುವುದು ಸಾಮಾನ್ಯ. ಆದರೆ ಅದನ್ನೇ ಪುರಾವೆ ಎಂದುಕೊಳ್ಳಬೇಡಿ. ಸುಳ್ಳು ಹೇಳುವ ಸೆನ್ಸರ್ ಕೂಡ ಟ್ರಿಮ್ಮನ್ನು ಮಿತಿಗೆ ತಳ್ಳಿ ಅದೇ ಕೋಡ್ ತರಿಸಬಲ್ಲದು.

ಎಕ್ಸಾಸ್ಟ್ ಸೋರಿಕೆ ಎಂಬ ತೊಡಕು

ಎಕ್ಸಾಸ್ಟ್ ಸೋರಿಕೆ ನಿಜಕ್ಕೂ ಸುಳ್ಳಿಗೂ ನಡುವೆ ಬರುತ್ತದೆ. ಸೆನ್ಸರ್ ಸರಿಯಾಗಿದೆ, ಇಂಜಿನ್ನಿನ ಮಿಶ್ರಣವೂ ಸರಿಯಾಗಿದೆ, ಆದರೂ ಸೆನ್ಸರಿನ ಮುಂದೆ ಆಮ್ಲಜನಕ ಜಾಸ್ತಿ. ಎಕ್ಸಾಸ್ಟ್ ಹೊಗೆ ಒಂದೇ ಸಮನೆ ಹರಿಯುವುದಿಲ್ಲ, ಸಿಲಿಂಡರಿಗೊಂದರಂತೆ ಬಡಿತ ಬಡಿತವಾಗಿ ಬರುತ್ತದೆ. ಎರಡು ಬಡಿತಗಳ ನಡುವೆ ಪೈಪಿನೊಳಗೆ ಒತ್ತಡ ಹೊರಗಿನ ಗಾಳಿಗಿಂತ ಕ್ಷಣಕಾಲ ಕಡಿಮೆಯಾಗುತ್ತದೆ. ಆಗ ಮ್ಯಾನಿಫೋಲ್ಡಿನ ಬಿರುಕಿನಿಂದಲೋ ಸಡಿಲ ಗ್ಯಾಸ್ಕೆಟಿನಿಂದಲೋ ಹೊರಗಿನ ಗಾಳಿ ಒಳಕ್ಕೆ ಎಳೆಯಲ್ಪಡುತ್ತದೆ. ‘ಸೋರಿದರೆ ಹೊಗೆ ಹೊರಬರಬೇಕಲ್ಲ, ಗಾಳಿ ಒಳಗೆ ಹೇಗೆ ಹೋದೀತು’ ಎಂದು ವಾದಿಸುವ ಮೆಕ್ಯಾನಿಕ್‌ಗಳಿದ್ದಾರೆ. ಎರಡೂ ಆಗುತ್ತದೆ.

ಐಡ್ಲಿಂಗ್‌ನಲ್ಲಿ ಇದರ ಪರಿಣಾಮ ಜೋರು. ಬೆಳಿಗ್ಗೆ ತಣ್ಣಗಿರುವ ಇಂಜಿನ್ ಸ್ಟಾರ್ಟ್ ಮಾಡಿದಾಗ ಮ್ಯಾನಿಫೋಲ್ಡ್ ಕಡೆಯಿಂದ ಟಿಕ್ ಟಿಕ್ ಸದ್ದು ಬಂದು, ಬಿಸಿಯಾಗಿ ಲೋಹ ಹಿಗ್ಗಿದ ಮೇಲೆ ನಿಂತುಹೋದರೆ ಅಲ್ಲಿಯೇ ಬಿರುಕು ಹುಡುಕಿ. ಜೋಡಣೆಯ ಸುತ್ತ ಮಸಿಯ ಗೆರೆಗಳು ಬಿದ್ದಿರುತ್ತವೆ. ಸೋರಿಕೆ ಇರುವ ಗಾಡಿಯಲ್ಲಿ ಎಷ್ಟು ಸೆನ್ಸರ್ ಬದಲಿಸಿದರೂ ಫಲ ಒಂದೇ. ಆದ್ದರಿಂದ ಸೆನ್ಸರ್ ಮೇಲೆ ತೀರ್ಪು ಕೊಡುವ ಮುಂಚೆ ಎಕ್ಸಾಸ್ಟ್ ಪೋರ್ಟಿನಿಂದ ಸೆನ್ಸರ್‌ವರೆಗಿನ ಜೋಡಣೆಗಳನ್ನು ನೋಡಿಯೇ ತೀರಬೇಕು.

ತಂತಿ, ಹೀಟರ್, ಇಸಿಯು

ರಿಚ್ ಮಾಡಿದರೂ ವೋಲ್ಟೇಜ್ ಏಳಲಿಲ್ಲ, ಎಕ್ಸಾಸ್ಟ್ ಕೂಡ ಸೋರುತ್ತಿಲ್ಲ ಎಂದಾದರೆ ಮಲ್ಟಿಮೀಟರ್ ತೆಗೆಯಿರಿ. ಡಿಜಿಟಲ್ ಮೀಟರೇ ಬೇಕು, ಅದರ ಒಳರೋಧ 10 ಮೆಗಾಓಮ್ ಇರಲಿ. ಸೆನ್ಸರ್ ಹುಟ್ಟಿಸುವ ಕರೆಂಟ್ ಅತ್ಯಲ್ಪ. ಹಳೆಯ ಮುಳ್ಳಿನ ಮೀಟರೋ ಟೆಸ್ಟ್ ಲ್ಯಾಂಪೋ ಹಚ್ಚಿದರೆ ಅಳೆಯಬೇಕಾದ ವೋಲ್ಟೇಜನ್ನೇ ಅದು ನುಂಗಿಹಾಕುತ್ತದೆ. ಸೆನ್ಸರಿನ ಸಿಗ್ನಲ್ ಪಿನ್ನುಗಳ ನಡುವೆ ಓಮ್ ಅಳೆಯಲು ಹೋಗಬೇಡಿ. ಮೀಟರ್ ತನ್ನದೇ ಕರೆಂಟ್ ಹರಿಸುತ್ತದೆ, ಸೆನ್ಸರಿಗೆ ಅದು ಒಗ್ಗುವುದಿಲ್ಲ.

ನಾಲ್ಕು ತಂತಿಯ ಸೆನ್ಸರಿನಲ್ಲಿ ಎರಡು ಸೆನ್ಸರನ್ನು ಬಿಸಿಯಾಗಿಡುವ ಹೀಟರಿಗೆ, ಒಂದು ಸಿಗ್ನಲ್, ಒಂದು ಸಿಗ್ನಲ್‌ನ ಅರ್ಥ್. ಒಂದೇ ಬಣ್ಣದ ಎರಡು ತಂತಿ ಕಂಡರೆ ಅವು ಹೀಟರಿನವು ಎಂದು ಬಹುಮಟ್ಟಿಗೆ ಹೇಳಬಹುದು. ಉಳಿದದ್ದಕ್ಕೆ ಆ ಗಾಡಿಯ ವೈರಿಂಗ್ ನಕ್ಷೆ ನೋಡಿ, ಊಹೆ ಬೇಡ.

ಈಗ ಸೆನ್ಸರಿನ ಕನೆಕ್ಟರ್ ಬಿಚ್ಚಿ, ಇಗ್ನಿಷನ್ ಆನ್ ಮಾಡಿ, ಸ್ಕ್ಯಾನರಿನಲ್ಲಿ ಅದೇ ಸೆನ್ಸರಿನ ವೋಲ್ಟೇಜ್ ನೋಡಿ. ಬಹಳಷ್ಟು ಇಸಿಯುಗಳು ಆ ತಂತಿಗೆ ತಾವೇ ಸುಮಾರು 0.45 ವೋಲ್ಟ್ ಕೊಟ್ಟಿರುತ್ತವೆ. ಸೆನ್ಸರ್ ಬಿಚ್ಚಿದಾಗ ಆ 0.45 ಕಾಣಬೇಕು. ಕಂಡರೆ ತಂತಿಯೂ ಇಸಿಯುವೂ ಸರಿ, ವೋಲ್ಟೇಜನ್ನು ಕೆಳಗೆ ಎಳೆಯುತ್ತಿದ್ದದ್ದು ಸೆನ್ಸರ್. ಬಿಚ್ಚಿದ ಮೇಲೂ ಸ್ಕ್ಯಾನರ್ ಸೊನ್ನೆಯನ್ನೇ ತೋರಿಸಿದರೆ ಸಿಗ್ನಲ್ ತಂತಿ ಎಲ್ಲೋ ಬಾಡಿಗೆ ತಾಗಿ ಶಾರ್ಟ್ ಆಗಿದೆ, ಅಪರೂಪಕ್ಕೆ ಇಸಿಯುವೇ ಕೆಟ್ಟಿದೆ. ಎಲ್ಲ ಕಂಪನಿಗಳೂ 0.45 ಕೊಡುವುದಿಲ್ಲ, ಬೇರೆ ಅಂಕಿ ಇರುವುದೂ ಉಂಟು. ನಿಮ್ಮ ಗಾಡಿಯ ಸರ್ವಿಸ್ ಕೈಪಿಡಿ ಏನು ಹೇಳುತ್ತದೆ ಎಂದು ಮೊದಲು ನೋಡಿಕೊಳ್ಳಿ.

ಇದರಿಂದ ಇನ್ನೊಂದು ವಿಷಯವೂ ಹೊರಡುತ್ತದೆ. 0.45 ಕೊಡುವ ಇಸಿಯು ಇರುವಾಗ ಸಿಗ್ನಲ್ ತಂತಿ ತುಂಡಾದರೆ ವೋಲ್ಟೇಜ್ ಕೆಳಗಿಳಿಯುವುದಿಲ್ಲ, 0.45ರಲ್ಲೇ ಕದಲದೆ ನಿಲ್ಲುತ್ತದೆ, ಆಗ ಬರುವುದು ಪಿ0134, ಅಂದರೆ ‘ಚಟುವಟಿಕೆ ಇಲ್ಲ’. ಪಿ0131 ಬಂದಿದ್ದರೆ ತುಂಡಾದ ತಂತಿಗಿಂತ ಶಾರ್ಟ್ ಆದ ತಂತಿಯನ್ನೇ ಮೊದಲು ಹುಡುಕಬೇಕು. ಎಕ್ಸಾಸ್ಟಿಗೆ ತಾಗಿ ಕರಗಿದ ಹೊದಿಕೆ, ಕ್ಲಿಪ್ ಕಳಚಿ ಜೋತುಬಿದ್ದ ಹಾರ್ನೆಸ್ (ತಂತಿಗಳ ಕಟ್ಟು), ನೀರು ಸೇರಿದ ಕನೆಕ್ಟರ್. ಸ್ಕ್ಯಾನರ್ ನೋಡುತ್ತಾ ಹಾರ್ನೆಸ್ಸನ್ನು ಅಲ್ಲಲ್ಲಿ ಅಲುಗಾಡಿಸಿದರೆ ಎಷ್ಟೋ ಸಲ ಜಾಗ ಸಿಕ್ಕಿಬಿಡುತ್ತದೆ. ಇನ್ನೊಂದು ಸುಳಿವು: ಜೀವಂತ ಸೆನ್ಸರ್ ಲೀನ್ ಹೇಳುವಾಗ 0.03, 0.07, 0.05 ಎಂದು ಅಂಕಿ ಸ್ವಲ್ಪವಾದರೂ ಮಿಸುಕುತ್ತದೆ. ಕಲ್ಲಿನಲ್ಲಿ ಕೆತ್ತಿದಂತೆ 0.00 ನಿಂತಿದ್ದರೆ ಅದು ಶಾರ್ಟ್ ಆಗಿರುವ ಸಾಧ್ಯತೆಯೇ ಹೆಚ್ಚು.

ಹೀಟರ್ ವಿಚಾರ ಚಿಕ್ಕದು. ಅದು ಕೆಟ್ಟರೆ ಐಡ್ಲಿಂಗ್‌ನಲ್ಲಿ ಸೆನ್ಸರ್ ತಣ್ಣಗಾಗಿ ಕೆಲಸ ನಿಲ್ಲಿಸುತ್ತದೆ. ಸಾಮಾನ್ಯವಾಗಿ ಹೀಟರ್ ಸರ್ಕ್ಯೂಟಿನ ಕೋಡ್ ಪಿ0135 ಕೂಡ ಬಂದಿರುತ್ತದೆ. ಫ್ಯೂಸ್ ನೋಡಿ, ಕನೆಕ್ಟರಿಗೆ ಬ್ಯಾಟರಿ ವೋಲ್ಟೇಜ್ ಬರುತ್ತಿದೆಯೇ ನೋಡಿ, ಹೀಟರಿನ ಎರಡು ಪಿನ್ನುಗಳ ನಡುವೆ ಓಮ್ ಅಳೆಯಿರಿ. ಇಲ್ಲಿ ಓಮ್ ಅಳೆಯಲು ಅಡ್ಡಿಯಿಲ್ಲ. ತಣ್ಣಗಿರುವಾಗ ಕೆಲವೇ ಓಮ್‌ನಿಂದ ಹದಿನೈದರ ಆಸುಪಾಸಿನವರೆಗೆ ಇರುವುದು ಸಾಮಾನ್ಯ. ಮೀಟರ್ ಏನೂ ತೋರಿಸದಿದ್ದರೆ ಹೀಟರ್ ಸುಟ್ಟಿದೆ.

ಸೆನ್ಸರ್ ತಾನೇ ಸತ್ತಾಗ

ಎಲ್ಲ ದಾರಿಯೂ ಸೆನ್ಸರಿಗೇ ಬಂದು ನಿಂತರೆ, ಅದನ್ನು ಬಿಚ್ಚಿ ತುದಿಯ ಬಣ್ಣ ನೋಡಿ. ಸಿಲಿಕೋನ್ ಸೀಲಂಟಿನ ಆವಿ ಇಂಜಿನ್ನಿಗೆ ಹೋಗಿದ್ದರೆ ಅಥವಾ ಹೆಡ್ ಗ್ಯಾಸ್ಕೆಟ್ ಸೋರಿ ಕೂಲೆಂಟ್ ಉರಿದಿದ್ದರೆ ತುದಿಯ ಮೇಲೆ ಬಿಳಿ ಪುಡಿ ಕಟ್ಟಿಕೊಳ್ಳುತ್ತದೆ. ಇಂಜಿನ್ ಆಯಿಲ್ ಉರಿಯುತ್ತಿದ್ದರೆ ಕಂದು ಪದರ. ಕಾರಣ ಸರಿಪಡಿಸದೆ ಹೊಸದನ್ನು ಹಾಕಿದರೆ ಅದಕ್ಕೂ ಅದೇ ಗತಿ.

ಹೊರಗಿನ ಶುದ್ಧ ಗಾಳಿಯ ಬದಿಯನ್ನು ಯಾರೂ ನೆನೆಯುವುದಿಲ್ಲ. ಎಷ್ಟೋ ಸೆನ್ಸರುಗಳಲ್ಲಿ ಈ ಗಾಳಿ ಒಳಹೋಗುವುದು ತಂತಿಯ ಎಳೆಗಳ ನಡುವಿನ ಸಂದಿಯಿಂದ. ಅಲ್ಲಿಗೆ ಎಣ್ಣೆ, ಗ್ರೀಸ್, ಕ್ಲೀನರ್ ಆವಿ ಹೊಕ್ಕರೆ ಒಳಬದಿಯ ಆಮ್ಲಜನಕ ಕಡಿಮೆಯಾಗುತ್ತದೆ. ಎರಡು ಬದಿಯ ವ್ಯತ್ಯಾಸ ಇಳಿದು ವೋಲ್ಟೇಜ್ ಬೀಳುತ್ತದೆ, ಕೆಲವೊಮ್ಮೆ ಸೊನ್ನೆಗಿಂತ ಕೆಳಗೂ ಹೋಗುತ್ತದೆ. ಮೀಟರಿನಲ್ಲಿ ಮೈನಸ್ ಅಂಕಿ ಕಂಡು ಪ್ರೋಬ್ ತಿರುಗಾಮುರುಗಾ ಆಗಿಲ್ಲ ಎಂದು ಖಾತ್ರಿಯಾದರೆ ಆ ಸೆನ್ಸರಿನ ಕತೆ ಮುಗಿದಿದೆ. ಸೆನ್ಸರಿನ ತಂತಿಗೆ ಬೆಸುಗೆ ಹಾಕಬಾರದು, ಕನೆಕ್ಟರಿಗೆ ಗ್ರೀಸ್ ಮೆತ್ತಬಾರದು ಎನ್ನುವುದು ಇದೇ ಕಾರಣಕ್ಕೆ.

ಹಿಂದಿನ ಸೆನ್ಸರಿನ ಕೋಡ್, ಅಂದರೆ ಪಿ0137 ಬಂದಿದ್ದರೆ ಪರೀಕ್ಷೆಯ ಕ್ರಮ ಇದೇ, ನೋಡುವ ಅಂಕಿ ಬೇರೆ. ಕನ್ವರ್ಟರ್ ಚೆನ್ನಾಗಿದ್ದರೆ ಆ ಸೆನ್ಸರ್ ಓಲಾಡದೆ 0.6, 0.7ರ ಸುತ್ತ ಹೆಚ್ಚುಕಡಿಮೆ ಸ್ಥಿರವಾಗಿರುತ್ತದೆ. ಮುಂದಿನ ಸೆನ್ಸರ್ ಸರಿಯಾಗಿ ಓಲಾಡುತ್ತಿದ್ದು ಹಿಂದಿನದು ಮಾತ್ರ ಕೆಳಗೆ ಕೂತಿದ್ದರೆ ಎರಡರ ನಡುವಿನ ಫ್ಲ್ಯಾಂಜ್, ವೆಲ್ಡಿಂಗ್ ಜಾಗಗಳಲ್ಲಿ ಸೋರಿಕೆ ಇದೆಯೇ ನೋಡಿ. ಗಾಡಿಯ ಅಡಿಯಲ್ಲಿ ನೀರು, ಕೆಸರು ಬಡಿಯುವ ಜಾಗವಾದ್ದರಿಂದ ಅಲ್ಲಿನ ಕನೆಕ್ಟರ್ ಹಾಳಾಗುವುದೂ ಜಾಸ್ತಿ.

ದೀಪ ಹತ್ತಿದ ಗಾಡಿಯನ್ನು ಓಡಿಸಬಹುದೇ ಎಂಬ ಪ್ರಶ್ನೆ ಬರುತ್ತದೆ. ದೀಪ ಸ್ಥಿರವಾಗಿ ಹತ್ತಿದ್ದರೆ ರಿಪೇರಿಯ ಜಾಗದವರೆಗೆ ನಿಧಾನವಾಗಿ ಹೋಗಬಹುದು. ವಾರಗಟ್ಟಲೆ ಹಾಗೇ ಓಡಿಸಿದರೆ ಹೆಚ್ಚಾಗಿ ಸುರಿದ ಪೆಟ್ರೋಲ್ ಕನ್ವರ್ಟರಿನೊಳಗೆ ಉರಿದು ಅದನ್ನು ಕರಗಿಸಬಹುದು, ಸಿಲಿಂಡರ್ ಗೋಡೆಯಿಂದ ಇಳಿದು ಇಂಜಿನ್ ಆಯಿಲನ್ನು ತೆಳುವಾಗಿಸಬಹುದು. ದೀಪ ಮಿನುಗುತ್ತಿದ್ದರೆ ಕನ್ವರ್ಟರ್ ಹಾಳುಮಾಡುವಂಥ ಮಿಸ್‌ಫೈರ್ ನಡೆಯುತ್ತಿದೆ, ಗಾಡಿ ನಿಲ್ಲಿಸಿ.

ಹೊಸ ಸೆನ್ಸರ್ ಹಾಕುವುದು ಕಷ್ಟವಲ್ಲ, ಹಳೆಯದನ್ನು ಬಿಚ್ಚುವುದೇ ಕಷ್ಟ. ತಂತಿ ಹಾದುಹೋಗಲು ಸೀಳು ಇರುವ 22 ಮಿ.ಮೀ. ಸಾಕೆಟ್ ಬಹುತೇಕ ಸೆನ್ಸರುಗಳಿಗೆ ಆಗುತ್ತದೆ. ಎಕ್ಸಾಸ್ಟ್ ಮುಟ್ಟಲಾಗುವಷ್ಟು ಬೆಚ್ಚಗಿರುವಾಗ ಬಿಚ್ಚಿದರೆ ಥ್ರೆಡ್ ಕೀಳುವ ಅಪಾಯ ಕಡಿಮೆ. ಹೊಸದರ ಥ್ರೆಡ್ಡಿಗೆ ಕಂಪನಿಯವರೇ ಆಂಟಿ ಸೀಜ್, ಅಂದರೆ ಥ್ರೆಡ್ ಕಚ್ಚಿಕೊಳ್ಳದಂತೆ ತಡೆಯುವ ಪೇಸ್ಟ್, ಹಚ್ಚಿರುತ್ತಾರೆ. ಇಲ್ಲದಿದ್ದರೆ ಸೆನ್ಸರಿಗೆಂದೇ ಇರುವುದನ್ನು ಥ್ರೆಡ್ಡಿಗೆ ಮಾತ್ರ ಹಚ್ಚಿ, ತುದಿಗೆ ತಾಗಿಸಬೇಡಿ. ಆಮೇಲೆ ಕೋಡ್ ಅಳಿಸಿ, ಊರೊಳಗೂ ಹೆದ್ದಾರಿಯಲ್ಲೂ ಒಂದಿಷ್ಟು ಓಡಿಸಿ, ದೀಪ ಆರಿದೆ ಎಂದು ಸುಮ್ಮನಾಗದೆ ಮತ್ತೊಮ್ಮೆ ಲಾಂಗ್ ಟರ್ಮ್ ಟ್ರಿಮ್ ನೋಡಿ. ಕೋಡ್ ಅಳಿಸಿದಾಗ ಅದು ಸೊನ್ನೆಯಿಂದ ಹೊಸದಾಗಿ ಕಲಿಯಲು ಶುರು ಮಾಡಿರುತ್ತದೆ. ಸೊನ್ನೆಯ ಹತ್ತಿರವೇ ನಿಂತರೆ ದುರಸ್ತಿ ಆಗಿದೆ. ಮತ್ತೆ 15, 18 ಎಂದು ಮೇಲೇರುತ್ತಿದ್ದರೆ ದೀಪ ಇನ್ನೂ ಹತ್ತಿಲ್ಲ ಅಷ್ಟೇ, ಗಾಳಿ ಸೋರಿಕೆಯನ್ನೋ ಇಂಧನದ ಒತ್ತಡವನ್ನೋ ಹುಡುಕುವ ಕೆಲಸ ಬಾಕಿ ಇದೆ.